ಮೋರಿ-ಸಾನ್ ಬರೆದ ಡಸ್ಟ್ ಡೈನಮೋ ಚರಿತ್ರೆ

ಚಳಿಗಾಲದ ಕೋಟುಗಳನ್ನು ಒಗೆಯಲು ಕೊಡೋಣವೆಂದು ಹೋದ ವಾರ ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಹೊಸದಾಗಿ ತೆರೆದಿರುವ ಕ್ಲೀನಿಂಗ್ ಅಂಗಡಿಗೆ ಹೋದೆ. ಬಾಗಿಲು ಸರಿಯುತ್ತಿದ್ದಂತೆ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ರಾಚಿತು. ಕಾದ ಉಣ್ಣೆಯ ವಾಸನೆ, ಗಂಜಿಯ ವಾಸನೆ, ಅದರ ಹಿಂದೆ ಸೀಮೆಎಣ್ಣೆಯನ್ನು ನೆನಪಿಸುವ ಇನ್ನೊಂದು ವಾಸನೆ. ಕೌಂಟರಿನ ಹುಡುಗಿ ಹೆಸರು ಕೇಳುತ್ತಿದ್ದಳು. ನಾನು ಕೋಟುಗಳನ್ನು ಅಪ್ಪಿಕೊಂಡು ನಿಂತೇ ಇದ್ದೆ. ಮನಸ್ಸು ಆಗಲೇ ನಾಲ್ಕು ವರ್ಷ ಹಿಂದಕ್ಕೆ, ಯೋಕೋಹಾಮಾದ ಒಂದು ಟೈಫೂನ್ ಕಾಲಕ್ಕೆ ಓಡಿಹೋಗಿತ್ತು.

ಆಗ ನಾವು ಯೋಕೋಹಾಮಾದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ದೂರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಗಂಡ ಪ್ರಸಾದ್ ಮತ್ತು ನಾನು ಇಬ್ಬರೂ ಟೋಕಿಯೋದ ಬೇರೆ ಬೇರೆ ಕಂಪನಿಗಳಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಮಗಳು ಅನ್ವಿಗೆ ಹತ್ತು ವರ್ಷ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು. ನಮ್ಮ ಕಟ್ಟಡದ ಎದುರಿಗೇ ಒಂದು ಹಳೆಯ ಕ್ಲೀನಿಂಗ್ ಅಂಗಡಿ. ಅದರ ಒಡತಿ ಮೋರಿ-ಸಾನ್, ಎಪ್ಪತ್ತರ ಹತ್ತಿರದ, ಬೆಳ್ಳಗಿನ ಗಿಡ್ಡ ಕೂದಲಿನ ಹೆಂಗಸು. ಜಪಾನಿಯಲ್ಲಿ ಮೋರಿ ಎಂದರೆ ಕಾಡು, ಸಾನ್ ಎಂಬುದು ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು. ಆದರೆ ಆ ಹೆಸರು ಬಂದಾಗಲೆಲ್ಲ ಪ್ರಸಾದ್ ಕಣ್ಣಲ್ಲೇ ನಗುತ್ತಿದ್ದರು. ಮೈಸೂರಿನಲ್ಲಿ ಬೆಳೆದವರಿಗೆ ಮೋರಿ ಎಂದರೆ ಇನ್ನೇನು ನೆನಪಾದೀತು?

ಸೆಪ್ಟೆಂಬರಿನ ಮೊದಲ ಶನಿವಾರ ಪ್ರಸಾದರ ಸೂಟ್ ತರಲು ಹೋದೆ. ಹೊರಗೆ ಬಟ್ಟೆ ಮೈಗೆ ಅಂಟುವಂಥ ಸೆಕೆ. ಅಂಗಡಿಯ ಒಳಗಡೆ, ನೇತುಹಾಕಿದ ಕೋಟುಗಳ ಸಾಲಿನ ಹಿಂದಿನಿಂದ, ಸಣ್ಣ ದನಿಯಲ್ಲಿ ಒಂದು ಹಾಡು ಕೇಳಿಸಿತು. ಡ್ರಮ್ಮಿನ ನಾಲ್ಕು ಏಟು, ಒಂದು ಕ್ಷಣ ಮೌನ, ಆಮೇಲೆ ಬೇಲಿ ಹಾರಿ ಬಂದಂತೆ ನುಗ್ಗುವ ಗಿಟಾರು. "ಡಸ್ಟ್ ಡೈನಮೋ!" ಎಂದು ಕೂಗಿಯೇಬಿಟ್ಟೆ.

ಇಸ್ತ್ರಿ ಮಾಡುತ್ತಿದ್ದ ಮೋರಿ-ಸಾನ್ ಕೈ ನಿಲ್ಲಿಸಿದರು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕನ್ನಡಕ ತೆಗೆದು, ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ನಿಮಗೆ ಇವರು ಗೊತ್ತಾ?"

ಗೊತ್ತಾ ಅಂತ ಕೇಳುತ್ತಾರೆ! ಮೈಸೂರಿನ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬಳ ಕ್ಯಾಸೆಟ್ಟಿನಿಂದ ಪ್ರತಿ ಮಾಡಿಸಿಕೊಂಡು, ಟೇಪು ಸವೆದು ಹಾಡುಗಾರನ ದನಿ ಎಮ್ಮೆಯ ದನಿಯಾಗುವವರೆಗೂ ಕೇಳಿದ್ದೆ. ನನಗೆ ಗೊತ್ತಿದ್ದವರಲ್ಲಿ ಆ ಅಮೆರಿಕದ ಬ್ಯಾಂಡಿನ ಹೆಸರು ಕೇಳಿದವರು ಆ ಸೀನಿಯರ್ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಇದನ್ನೆಲ್ಲ ನನ್ನ ಮುರುಕು ಜಪಾನಿಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಮೋರಿ-ಸಾನ್ ಬಾಗಿಲಿಗೆ ಹೋಗಿ 'ಸ್ವಲ್ಪ ಹೊತ್ತು ಬಿಡುವು' ಎಂಬ ಫಲಕ ತಗುಲಿಸಿ ಬಂದರು. ಒಳಕೋಣೆಯಿಂದ ಏಳು ದಪ್ಪ ನೋಟ್‌ಬುಕ್ಕುಗಳನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟರು. ಡಸ್ಟ್ ಡೈನಮೋದ ಚರಿತ್ರೆ. ಇಪ್ಪತ್ತೈದು ವರ್ಷಗಳಿಂದ ಅವರು ಕೈಯಲ್ಲೇ ಬರೆಯುತ್ತಾ ಬಂದದ್ದು.

"ಅಕ್ಟೋಬರ್ ಕೊನೆಗೆ ಅವರು ಬರ್ತಿದಾರೆ. ಒಸಾಕಾ, ಆಮೇಲೆ ಯೋಕೋಹಾಮಾ. ಇದೇ ಕೊನೆಯ ಪ್ರವಾಸ ಅಂತ ಹೇಳಿದಾರೆ. ಸುಧಾ-ಸಾನ್, ಇದನ್ನ ಇಂಗ್ಲಿಷಿಗೆ ಮಾಡಿಕೊಡ್ತೀರಾ? ಅವರ ಕಥೆ ಅವರಿಗೇ ಕೊಡಬೇಕು."

ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ ನನ್ನದು, ಅನುವಾದ ಅಲ್ಲ. ಕೈಬರಹದ ಕಾಂಜಿ ಅಕ್ಷರಗಳು ಅರ್ಧಕ್ಕರ್ಧ ಓದಲು ಬರುತ್ತಿರಲಿಲ್ಲ. ಆದರೂ "ಹೈ", ಆಗಲಿ, ಎಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ಪ್ರಸಾದ್ ತಲೆ ಚಚ್ಚಿಕೊಂಡರು.

"ಏಳು ನೋಟ್‌ಬುಕ್ಕಾ? ಏಳು ವಾರದಲ್ಲಿ? ಸುಧಾ, ಆಫೀಸ್ ರಿಪೋರ್ಟ್‌ಗೇ ನೀನು ಫ್ರೆಂಡ್ ಹೆಲ್ಪ್ ತಗೋತೀಯ."

"ರೀ, ಶನಿವಾರ ಭಾನುವಾರ ಅಡುಗೆ ನಿಮ್ದು. ಅಷ್ಟು ಮಾಡಿ ಸಾಕು."

ಹೀಗೆ ಆ ಕಾಲ ಶುರುವಾಯಿತು. ಪ್ರತಿ ಶನಿವಾರ ಮಧ್ಯಾಹ್ನ ನಾನು, ಅನ್ವಿ, ಮೋರಿ-ಸಾನ್. ಓದಲಾಗದ ಅಕ್ಷರಗಳನ್ನು ಅನ್ವಿ ಓದುತ್ತಿದ್ದಳು. ಅವಳಿಗೂ ತಿಳಿಯದ್ದನ್ನು ಮೋರಿ-ಸಾನ್ ಇಸ್ತ್ರಿ ಮಾಡುತ್ತಲೇ ಬಿಡಿಸಿ ಹೇಳುತ್ತಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತಿದ್ದೆ.

ಮೊದಲ ನೋಟ್‌ಬುಕ್ಕಿನಲ್ಲಿ ಒಹಾಯೋದ ಒಂದು ಸಣ್ಣ ಊರು, ಒಂದೇ ಶಾಲೆಯ ನಾಲ್ವರು ಹುಡುಗರು. ಡ್ರಮ್ ಬಾರಿಸುವವನ ಅಪ್ಪನ ಟೈರ್ ಅಂಗಡಿಯಲ್ಲಿ ಅವರ ಅಭ್ಯಾಸ. ಪಕ್ಕದ ಗೋಡೆಯ ಮೇಲೆ ಡೈನಮೋ ರಿಪೇರಿ ಎಂದು ಬರೆದ, ಧೂಳು ಹಿಡಿದ ಒಂದು ಬೋರ್ಡು. ಹೆಸರು ಸಿಕ್ಕಿದ್ದು ಅಲ್ಲಿಂದ. ಎರಡನೆಯದರಲ್ಲಿ ಒಂದು ಹಳೆಯ ವ್ಯಾನು, ಮೂರು ವರ್ಷದ ಅಲೆದಾಟ, ಕುಡಿಯುವವರು ಮುಖವೆತ್ತಿ ನೋಡದ ಬಾರುಗಳು, ಹಾಡು ಮುಗಿದ ಮೇಲೆ ವ್ಯಾನಿನ ಹಿಂಬಾಗಿಲು ತೆರೆದು ತಾವೇ ಮಾರಿದ ಮೊದಲ ರೆಕಾರ್ಡು. ಮೂರನೆಯದರಲ್ಲಿ ಎರಡನೇ ರೆಕಾರ್ಡು, ರೇಡಿಯೋ, ಹೆಸರು. ಅಲ್ಲಿಗೆ ಬರುವಷ್ಟರಲ್ಲಿ ಅನ್ವಿಗೂ ಹುಚ್ಚು ಹಿಡಿದಿತ್ತು. "ಅಮ್ಮ, ನೆಕ್ಸ್ಟ್ ಏನಾಯ್ತು? ಹಯಾಕು, ಹಯಾಕು!" ಎಂದು ಅವಸರ ಮಾಡುತ್ತಿದ್ದಳು.

"ಇದೆಲ್ಲ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಮೋರಿ-ಸಾನ್‌ರನ್ನು ಕೇಳಿದೆ.

"ಪತ್ರಿಕೆಗಳಲ್ಲಿ ಬಂದದ್ದು ಸ್ವಲ್ಪ. ಉಳಿದದ್ದು ಆ ಟೈರ್ ಅಂಗಡಿಯಿಂದ. ಪ್ರತಿ ಹೊಸ ವರ್ಷಕ್ಕೆ ನಿಘಂಟು ನೋಡಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ನಾನು ಅಲ್ಲಿಗೆ ಕಾರ್ಡ್ ಹಾಕ್ತಿದ್ದೆ. ಡ್ರಮ್ಮರ್ ತಾಯಿ ಉತ್ತರ ಬರೀತಿದ್ರು. ಇಬ್ಬರು ತಾಯಂದಿರ ಹಾಗೆ ಆ ಹುಡುಗರ ಬಗ್ಗೆ ಬರ್ಕೋತಿದ್ವಿ."

ನಾಲ್ಕನೆಯ ನೋಟ್‌ಬುಕ್ಕಿನಲ್ಲಿ ಮೋರಿ-ಸಾನ್ ತಾವೇ ಬರುತ್ತಾರೆ. ಬ್ಯಾಂಡು ಜಪಾನಿಗೆ ಮೊದಲ ಸಲ ಬಂದಿತ್ತು. ಎರಡು ಗಲ್ಲಿ ಆಚೆಯ ನೆಲಮಾಳಿಗೆಯಲ್ಲಿ ಕಾರ್ಯಕ್ರಮ. ಸುರಿಯುವ ಮಳೆಯಲ್ಲಿ ಹಾಡುಗಾರ ರಾಯ್ ನಾಲ್ಕು ತೊಯ್ದ ಜಾಕೆಟ್ಟುಗಳನ್ನು ಹೊತ್ತುಕೊಂಡು ಈ ಅಂಗಡಿಗೆ ಬಂದ. ಮಾತು ಬಾರದು. ಗಡಿಯಾರ ತೋರಿಸಿ, ಕೈಮುಗಿದು, ಆರು ಗಂಟೆಗೆ ಬೇಕೆಂದ. ಮೋರಿ-ಸಾನ್ ಒಣಗಿಸಿ, ಇಸ್ತ್ರಿ ಮಾಡಿ, ತಾವೇ ಕೊಡಲು ಹೋದರು. ಆ ಹುಡುಗರು ಅವರನ್ನು ಕೈಹಿಡಿದು ಒಳಗೆ ಕರೆದೊಯ್ದು ಗೋಡೆಯ ಹತ್ತಿರ ನಿಲ್ಲಿಸಿದರು.

ಆ ಪುಟದ ಕೊನೆಯ ಸಾಲುಗಳನ್ನು ಅನ್ವಿ ಓದಿ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದಳು. ನಾನು ಇಣುಕಿದೆ. 'ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆ ಹನ್ನೊಂದು ತಿಂಗಳಲ್ಲಿ ನಾನು ಗಟ್ಟಿಯಾಗಿ ಮಾತಾಡಿರಲಿಲ್ಲ. ಅಂದು ಕೂಗಿದೆ.'

ಮೋರಿ-ಸಾನ್ ಅತ್ತ ತಿರುಗಿ ಒಂದು ಅಂಗಿಯ ಕಾಲರನ್ನು ಒತ್ತುತ್ತಿದ್ದರು. ಆಗಲೇ ನುಣುಪಾಗಿದ್ದ ಕಾಲರನ್ನು.

ಐದನೆಯದರಲ್ಲಿ ಅಮೆರಿಕ ಅವರ ಮೂರನೇ ರೆಕಾರ್ಡನ್ನು ಕೇಳದೆ ಬಿಟ್ಟದ್ದು, ಜಪಾನು ಅದನ್ನೇ ಎದೆಗೊತ್ತಿಕೊಂಡದ್ದು. ನಾವು ಅದನ್ನು ಮುಗಿಸುವ ಹೊತ್ತಿಗೆ ಸೆಕೆ ಇಳಿದಿತ್ತು. ಬೀದಿಯ ಮೂಲೆಯ ಗಿಡದಲ್ಲಿ ಕಿತ್ತಳೆ ಬಣ್ಣದ ಸಣ್ಣ ಹೂಗಳು ಬಿರಿದು ಇಡೀ ಗಲ್ಲಿ ಘಮಘಮಿಸುತ್ತಿತ್ತು. ನಾನು ಆಫೀಸಿನ ರೈಲಿನಲ್ಲಿ ನಿಂತುಕೊಂಡೇ ವಾಕ್ಯ ಕಟ್ಟುತ್ತಿದ್ದೆ. ಎಷ್ಟೋ ವರ್ಷಗಳಿಂದ ಯಾವ ಕೆಲಸವೂ ನನ್ನನ್ನು ಹೀಗೆ ಓಡಿಸಿರಲಿಲ್ಲ.

ಆರನೆಯ ನೋಟ್‌ಬುಕ್ಕಿನಲ್ಲಿ ಸಿಕ್ಕಿಬಿದ್ದೆ.

ಬ್ಯಾಂಡಿನ ಮೂರನೇ ಜಪಾನ್ ಪ್ರವಾಸ, ಒಸಾಕಾ. ಮೋರಿ-ಸಾನ್ ಅಂಗಡಿ ಮುಚ್ಚಿ ಶಿಂಕಾನ್ಸೆನ್ ರೈಲು ಹತ್ತಿ ಹೋಗಿದ್ದರು. ಜನ ತುಂಬಿ ತುಳುಕುತ್ತಿದ್ದರು. ಒಂದು ಗಂಟೆ ಕಾದ ಮೇಲೆ ರಾಯ್ ಒಬ್ಬನೇ ವೇದಿಕೆಗೆ ಬಂದು, ಗಿಟಾರು ಬಾರಿಸುವ ಡೇಲ್ ಹೊರಟುಹೋಗಿದ್ದಾನೆ, ಕಾರ್ಯಕ್ರಮ ಇಲ್ಲ ಎಂದ. ಯಾರಿಗೂ ಹೇಳದೆ ಡೇಲ್ ವಿಮಾನ ಹತ್ತಿದ್ದ. ಬ್ಯಾಂಡು ಅಂದೇ ಒಡೆಯಿತು. ಆಮೇಲಿನ ವರ್ಷಗಳಲ್ಲಿ ರಾಯ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿದ. ಡೇಲ್ ಎಲ್ಲಿದ್ದನೋ ಯಾರಿಗೂ ತಿಳಿಯಲಿಲ್ಲ. ಡ್ರಮ್ಮರನ ತಾಯಿ ತೀರಿಕೊಂಡಾಗ ನಾಲ್ವರೂ ಮಣ್ಣಿಗೆ ಬಂದರು. ಅಲ್ಲಿಂದ ಮತ್ತೆ ಕೂಡಿದ್ದು ಏಳನೆಯ ನೋಟ್‌ಬುಕ್ಕಿನ ಕಥೆ.

ಒಸಾಕಾದ ಆ ಸಂಜೆಯ ಬಗ್ಗೆ ಮೋರಿ-ಸಾನ್ ಬರೆದಿದ್ದರು: 'ಡೇಲ್ ಗೆಳೆಯರಿಗೆ ದ್ರೋಹ ಮಾಡಿದ. ಅವನು ಹೇಡಿ. ನಾನು ಅವನನ್ನು ಕ್ಷಮಿಸಿಲ್ಲ.'

ನನ್ನ ಬೆರಳು ಓಡಲಿಲ್ಲ. ಈ ಪುಸ್ತಕ ಡೇಲ್‌ನ ಕೈಗೂ ಹೋಗುತ್ತದೆ. ಕೊನೆಯ ಪ್ರವಾಸ, ಸಂತೋಷದ ಸಮಯ. ನಾನು ಯಾರಿಗೂ ಹೇಳದೆ ಇಂಗ್ಲಿಷಿನಲ್ಲಿ ಬರೆದೆ: 'ವೈಯಕ್ತಿಕ ಕಾರಣಗಳಿಂದ ಡೇಲ್ ಪ್ರವಾಸದಿಂದ ಹಿಂದೆ ಸರಿದರು. ಅಭಿಮಾನಿಗಳಿಗೆ ಬೇಸರವಾಯಿತು.'

ಕಾರ್ಯಕ್ರಮಕ್ಕೆ ಒಂದು ವಾರ ಉಳಿದಿರುವಾಗ, ಏಳೂ ನೋಟ್‌ಬುಕ್ಕುಗಳ ಅನುವಾದ ಅಚ್ಚು ಹಾಕಿಸಿ ಕೊಟ್ಟೆ. ಮಾರನೆಯ ದಿನ ಅಂಗಡಿಗೆ ಹೋದರೆ ಮೋರಿ-ಸಾನ್ ಮುಖ ಎತ್ತಲಿಲ್ಲ. ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷನ್ನು ಜಪಾನಿ ಮಾಡಿ ತೋರಿಸುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಐಟಿಯವಳು ನಾನು!

"ಸುಧಾ-ಸಾನ್," ಎಂದರು ಮೆಲ್ಲಗೆ, "ಕಲೆ ಹೋಗದೇ ಇದ್ದ ಬಟ್ಟೆಗೆ ನಾನು ಚೀಟಿ ಅಂಟಿಸಿ ಕೊಡ್ತೀನಿ. 'ಕ್ಷಮಿಸಿ, ಈ ಕಲೆ ಹೋಗಲಿಲ್ಲ' ಅಂತ. ಮಡಿಸಿ ಒಳಗೆ ಮುಚ್ಚಿಟ್ಟು ಕೊಟ್ರೆ ಗಿರಾಕಿಗೆ ಮೋಸ ಮಾಡಿದ ಹಾಗೆ."

"ಸುಮಿಮಾಸೆನ್, ಮೋರಿ-ಸಾನ್, ತಪ್ಪಾಯ್ತು. ಅವರಿಗೆ ನೋವಾಗುತ್ತೆ ಅಂತ..."

"ನೋವಾಗಲಿ. ನನಗೂ ಆಗಿತ್ತು. ಅವತ್ತು ನಾನು ಎಷ್ಟು ನಂಬಿ ಹೋಗಿದ್ದೆ ಅನ್ನೋದು ಅವನಿಗೆ ಗೊತ್ತಾಗಬೇಡವಾ?"

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಲ್ಲೇ ಕೂತು ಆ ಪುಟ ತಿದ್ದಿದೆ. ದ್ರೋಹ, ಹೇಡಿ, ಕ್ಷಮಿಸಿಲ್ಲ. ಒಂದೊಂದು ಮಾತಿಗೂ ಸರಿಯಾದ ಇಂಗ್ಲಿಷ್ ಮಾತು ಹುಡುಕಿ ಬರೆದೆ. ಮೋರಿ-ಸಾನ್ ಫೋನ್ ಹಿಡಿದು ಸಾಲುಸಾಲಾಗಿ ನೋಡಿ ತಲೆಯಾಡಿಸಿದರು. ಕೊನೆಯ ಪುಟದಲ್ಲಿ ಅನುವಾದಕಿ ಎಂದು ನನ್ನ ಹೆಸರೂ ಫೋನ್ ನಂಬರೂ ಹಾಕಿಸಿದರು. "ಇಲ್ಲಿ ನಿಮ್ಮ ಪಾಲೂ ಇದೆ," ಎಂದರು.

ಶನಿವಾರ ಒಸಾಕಾದಲ್ಲಿ ಕಾರ್ಯಕ್ರಮ, ಭಾನುವಾರ ಯೋಕೋಹಾಮಾ. ಶನಿವಾರವೇ ಟೈಫೂನು ಬಂದಪ್ಪಳಿಸಬೇಕೇ! ಕಿಟಕಿಗಳು ಗಡಗಡ ನಡುಗಿದವು. ಬಾಲ್ಕನಿಯಲ್ಲಿದ್ದ ತುಳಸಿ ಕುಂಡವನ್ನು ಪ್ರಸಾದ್ ಸ್ನಾನದ ಕೋಣೆಗೆ ಸಾಗಿಸಿದರು. ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು, ಆದರೆ ಬ್ಯಾಂಡು ಬರಬೇಕಿದ್ದ ಒಸಾಕಾ ಕಡೆಯ ರೈಲುಗಳು ಇನ್ನೂ ನಿಂತಿದ್ದವು. ನಾನು ಫೋನು, ಪ್ರಸಾದ್ ಟಿವಿ, ಅನ್ವಿ ರೈಲ್ವೆಯ ವೆಬ್‌ಸೈಟು. ಹತ್ತೂವರೆಗೆ ಅನ್ವಿ ಕುಣಿದಾಡಿದಳು. "ಅಮ್ಮ, ಉಗೋಯ್ತಾ! ಉಗೋಯ್ತಾ!" ಹೊರಟಿತು, ಹೊರಟಿತು!

ಎರಡು ಗಂಟೆಗೆ ನಾನೂ ಮೋರಿ-ಸಾನೂ ಸಭಾಂಗಣದ ಹಿಂಬಾಗಿಲಲ್ಲಿದ್ದೆವು. ಬಟ್ಟೆ ಸುತ್ತಿದ ಪುಸ್ತಕವನ್ನು ಅಲ್ಲಿನ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ತೆಗೆದುಕೊಂಡು, ಅವರ ಕೈ ಸೇರುತ್ತದೆಂದು ಮಾತು ಕೊಡಲಾಗದು ಎಂದು ನಾಲ್ಕು ಸಲ ಬಾಗಿ ಹೇಳಿದಳು. ಎದುರಿನ ಕಾಫಿ ಅಂಗಡಿಯಲ್ಲಿ ಕೂತೆವು. ಮೋರಿ-ಸಾನ್ ಕಾಫಿ ಮುಟ್ಟಲಿಲ್ಲ.

ಮೂರು ಮುಕ್ಕಾಲಿಗೆ ನನ್ನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಆ ಕಡೆಯಿಂದ ಗೊಗ್ಗರು ದನಿಯ ಇಂಗ್ಲಿಷು.

"ಪುಸ್ತಕದ ಕೊನೆಯಲ್ಲಿ ಈ ನಂಬರಿದೆ. ನಾನು ಡೇಲ್. ಇದನ್ನು ಬರೆದವರನ್ನು ನೋಡಬೇಕಿತ್ತು. ಬರ್ತೀರಾ?"

ರಸ್ತೆ ದಾಟುವಾಗ ನಾನು ಎರಡು ಸಲ ಹಿಂತಿರುಗಿ ನೋಡಿದೆ. ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದ ಚಿತ್ರದ ಮನುಷ್ಯ ನನ್ನನ್ನು ಕರೆದಿದ್ದ. ಕರೆದದ್ದು ಹೇಡಿ ಎಂದು ಬರೆದದ್ದಕ್ಕೆ. ಮೋರಿ-ಸಾನ್ ಮಾತ್ರ ನೇರವಾಗಿ, ಪುಟ್ಟಪುಟ್ಟ ಹೆಜ್ಜೆ ಇಡುತ್ತ ನಡೆದರು.

ಸಣ್ಣ ಕೋಣೆ. ಡೇಲ್ ಕುರ್ಚಿಯ ಮೇಲೆ, ತೊಡೆಯ ಮೇಲೆ ತೆರೆದ ಪುಸ್ತಕ. ಚಿತ್ರದಲ್ಲಿದ್ದ ಕಪ್ಪು ಜಡೆ ಈಗ ಬೂದುಬಣ್ಣದ ಗಿಡ್ಡ ಕೂದಲಾಗಿತ್ತು. ಗೋಡೆಗೊರಗಿ ರಾಯ್ ನಿಂತಿದ್ದ. ಮೋರಿ-ಸಾನ್‌ರನ್ನು ನೋಡಿದ್ದೇ ಅವನು ಬಾಯಿಬಿಟ್ಟ. "ಜಾಕೆಟ್! ಜಾಕೆಟ್ಟಿನ ಅಮ್ಮ!" ಎಂದು ಬಂದು ಅವರ ಎರಡೂ ಕೈ ಹಿಡಿದುಕೊಂಡ. ಮೋರಿ-ಸಾನ್ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಕಣ್ಣು ಡೇಲ್‌ನ ಮೇಲೇ ಇತ್ತು.

ಡೇಲ್ ಆರನೆಯ ಭಾಗದ ಪುಟದ ಮೇಲೆ ಬೆರಳಿಟ್ಟ. "ಇಲ್ಲಿ ಬರೆದದ್ದೆಲ್ಲ ನಿಜ," ಎಂದ. "ಹೇಡಿ ಅನ್ನೋದೂ ನಿಜ. ಆದ್ರೆ ಒಂದು ಬಿಟ್ಟುಹೋಗಿದೆ. ಯಾಕೆ ಹೋದೆ ಅನ್ನೋದು. ಅದನ್ನ ನಾನು ಯಾರಿಗೂ ಹೇಳಿಲ್ಲ."

ನಾನು ಜಪಾನಿಯಲ್ಲಿ ಹೇಳಿದೆ. ಗೋಡೆಗೊರಗಿದ್ದ ರಾಯ್ ನೆಟ್ಟಗಾದ.

"ಅವತ್ತು ಮಧ್ಯಾಹ್ನ ಗಿಟಾರ್ ಶ್ರುತಿ ಮಾಡ್ತಿದ್ದೆ. ಬಲಗಿವಿ ಹೋಯ್ತು. ಇದ್ದಕ್ಕಿದ್ದ ಹಾಗೆ. ಬರೀ ಶಿಳ್ಳೆ, ಆಮೇಲೆ ಅದೂ ಇಲ್ಲ. ರಾಯ್ ಯಾವಾಗಲೂ ನನ್ನ ಬಲಗಡೆ ನಿಂತು ಹಾಡ್ತಿದ್ದ. ಅವನ ಬಾಯಿ ಆಡ್ತಿದೆ, ನನಗೆ ಏನೂ ಕೇಳಿಸ್ತಿಲ್ಲ. ಕಿವುಡ ಗಿಟಾರಿಸ್ಟ್ ಯಾರಿಗೆ ಬೇಕು? ಅವರೇ ನನ್ನನ್ನ ಬಿಡೋ ಮೊದಲು ನಾನೇ ಓಡಿದೆ."

ಒಂದೊಂದೇ ವಾಕ್ಯ ನಾನು ಮೋರಿ-ಸಾನ್‌ಗೆ ದಾಟಿಸುತ್ತಿದ್ದೆ. ಕಿವಿ ಎಂಬ ಸಾದಾ ಪದಕ್ಕೇ ನಾಲಿಗೆ ತಡವರಿಸಿತು. ಈ ಸಲ ಒಂದಕ್ಷರವನ್ನೂ ಹದ ಮಾಡಲಿಲ್ಲ.

ರಾಯ್‌ನ ಮುಖ ಬಿಳಿಚಿಹೋಗಿತ್ತು. "ಮತ್ತೆ ಕೂಡಿದ ಮೇಲೂ ಹೇಳಲಿಲ್ಲವಲ್ಲೋ?"

"ಹಳೇದು ಎತ್ತಬಾರದು ಅಂತ ನೀನೇ ಷರತ್ತು ಹಾಕಿದ್ದೆ. ಡ್ರಮ್ಮರ್ ಕೈ ನೋಡ್ಕೊಂಡು ಬಾರಿಸ್ತೀನಿ. ನಡೀತಿದೆ."

"ನಾನು ಕೂಗಿದಾಗಲೆಲ್ಲ ನೀನು ತಿರುಗ್ತಿರಲಿಲ್ಲ. ವೇದಿಕೆ ಮೇಲೂ, ಬಸ್ಸಿನಲ್ಲೂ. ಇನ್ನೂ ನನ್ನ ಮೇಲೆ ಸಿಟ್ಟಿದೆ ಅಂದ್ಕೊಂಡೆ. ಎರಡು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ." ರಾಯ್ ಹೋಗಿ ಡೇಲ್‌ನ ಮುಂದೆ ಮೊಣಕಾಲೂರಿ ಕೂತ. ಅವನ ತಲೆ ಡೇಲ್‌ನ ಭುಜಕ್ಕೆ ತಾಗಿತು. ಇಬ್ಬರೂ ಮುದುಕರು ಸದ್ದಿಲ್ಲದೆ ಅಳುತ್ತಿದ್ದರು.

ಅದನ್ನು ಅನುವಾದ ಮಾಡಬೇಕಾಗಿರಲಿಲ್ಲ. ಮೋರಿ-ಸಾನ್ ಕೈಚೀಲದಿಂದ ಪೆನ್ನು ತೆಗೆದು ಡೇಲ್‌ನ ಹತ್ತಿರ ಹೋದರು. ಪುಸ್ತಕ ತಮ್ಮ ಕಡೆಗೆ ತಿರುಗಿಸಿಕೊಂಡರು. 'ಕ್ಷಮಿಸಿಲ್ಲ' ಎಂಬ ಸಾಲನ್ನು ಹೊಡೆದು ಹಾಕುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ಅದರ ಕೆಳಗೆ ಪುಟ್ಟ ಅಕ್ಷರಗಳಲ್ಲಿ ಅಂದಿನ ತಾರೀಕು ಹಾಕಿ ಜಪಾನಿಯಲ್ಲಿ ಏನೋ ಬರೆದು, ನನಗೆ ಓದಲು ಹೇಳಿದರು.

ನಾನು ಇಂಗ್ಲಿಷಿನಲ್ಲಿ ಓದಿದೆ: "ಇಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಇಂದು ಗೊತ್ತಾಯಿತು. ಇಂದು ಕ್ಷಮಿಸಿದೆ."

ಡೇಲ್ ಎದ್ದು ನಿಂತು, ಜಪಾನಿಗಳು ಬಾಗುವುದಕ್ಕಿಂತ ಆಳವಾಗಿ ಬಾಗಿದ.

ಸಂಜೆ ಪ್ರಸಾದೂ ಅನ್ವಿಯೂ ಬಂದು ಸೇರಿಕೊಂಡರು. ನಮ್ಮನ್ನು ಮುಂದಿನ ಸಾಲಿಗೆ ಕರೆದೊಯ್ದು ನಿಲ್ಲಿಸಿದರು. ಬೆಳಕು ಆರಿದಾಗ ಹಿಂದಿನಿಂದ ಎದ್ದ ಕೂಗಿಗೆ ನನ್ನ ಬೆನ್ನಿನ ರೋಮ ನಿಂತಿತು. ಪಕ್ಕದಲ್ಲಿದ್ದವರೆಲ್ಲ ನಲವತ್ತು ಐವತ್ತು ದಾಟಿದವರು, ಆಫೀಸಿನ ಟೈ ಸಡಿಲಿಸಿಕೊಂಡವರು, ಕೊರಳಿಗೆ ಟವೆಲ್ಲು ಸುತ್ತಿಕೊಂಡವರು. ನಾಲ್ವರೂ ಬಂದರು. ಡೇಲ್ ತನ್ನ ಜಾಗದಲ್ಲಿ ನಿಂತ. ಡ್ರಮ್ಮರ್ ಕೋಲು ಎತ್ತಿ ನಾಲ್ಕು ಏಟಿಗೆ ಸಿದ್ಧನಾದ.

ರಾಯ್ ಕೈಯೆತ್ತಿ ತಡೆದ. ತನ್ನ ಮೈಕಿನ ಸ್ಟ್ಯಾಂಡನ್ನು ಬುಡಸಮೇತ ಎತ್ತಿಕೊಂಡ. ವೈರು ಎಳೆದುಕೊಂಡು ಡೇಲ್‌ನ ಮುಂದಿನಿಂದ ಹಾಯ್ದು ಅವನ ಎಡಗಡೆಗೆ ಹೋಗಿ ನಿಂತ. ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಇಷ್ಟು ವರ್ಷಗಳ ಚಿತ್ರಗಳಲ್ಲಿ, ವಿಡಿಯೋಗಳಲ್ಲಿ ಯಾರೂ ಅವನನ್ನು ಆ ಬದಿಯಲ್ಲಿ ನೋಡಿರಲಿಲ್ಲ. ರಾಯ್ ಮೈಕಿನಿಂದ ದೂರ ಬಗ್ಗಿ ಡೇಲ್‌ನ ಎಡಗಿವಿಯಲ್ಲಿ ಏನೋ ಹೇಳಿದ. ಡೇಲ್ ಅವನ ಕಡೆ ತಿರುಗಿ ನಕ್ಕ.

"ಅಮ್ಮ, ಅವರು ಯಾಕೆ ಆ ಕಡೆ ಹೋದ್ರು?" ಎಂದು ಅನ್ವಿ ಕನ್ನಡದಲ್ಲೇ ಕೇಳಿದಳು. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಡ್ರಮ್ಮಿನ ನಾಲ್ಕು ಏಟು ಬಿದ್ದವು, ಗಿಟಾರು ನುಗ್ಗಿತು, ಮೋರಿ-ಸಾನ್ ಎರಡೂ ಮುಷ್ಟಿ ಮೇಲಕ್ಕೆತ್ತಿ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು.

"ಡೇಲ್!"

ಅವನು ತಿರುಗಿ ನೋಡಿದ.